ಮೀನು ಹತ್ತುವ ದಾರಿಯ ಲೆಕ್ಕವನ್ನೂ ಕೇಳಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದರೆ ನಮ್ಮ ಮಲೆನಾಡಿನಲ್ಲಿ ಹತ್ತುಮೀನಿನ ಸಂಭ್ರಮ. ಹೊಳೆಯ ಮೀನು ಹಳ್ಳಕ್ಕೆ ಏರುತ್ತದೆ, ಹಳ್ಳದಿಂದ ಗದ್ದೆಗೆ. ಮೊಟ್ಟೆ ಇಡುವುದಕ್ಕೆ. ನೀರು ಎಲ್ಲಿಂದ ರಭಸವಾಗಿ ಬರುತ್ತದೋ ಅದಕ್ಕೆ ಎದುರಾಗಿ ಈಜುವುದೇ ಅದಕ್ಕೆ ಗೊತ್ತಿರುವ ದಾರಿ. ಜಲವಿದ್ಯುತ್ ಕೇಂದ್ರದ ಹತ್ತಿರ ಈ ಗುಣವೇ ಮೀನಿಗೆ ಮುಳುವಾಗುತ್ತದೆ.

ಉತ್ತರ ಸ್ವೀಡನ್ನಿನ ಊಮೆ ನದಿಯನ್ನು ನೋಡಿ. ಅಲ್ಲಿನ ಸ್ಟೋರ್‌ನೋರ್‌ಫೋರ್ಸ್ ಕೇಂದ್ರ ಶುರುವಾಗಿದ್ದು 1958ರಲ್ಲಿ. ಟರ್ಬೈನ್ ತಿರುಗಿಸಿದ ನೀರು 4 ಕಿ.ಮೀ. ಸುರಂಗದಲ್ಲಿ ಹರಿದು ಕೆಳಗೆ ಮತ್ತೆ ನದಿ ಸೇರುತ್ತದೆ. ಸಮುದ್ರದಿಂದ ಬರುವ ಸಾಲ್ಮನ್ ಮೀನು ಅಣೆಕಟ್ಟೆ ಹತ್ತಿ ದಾಟಲೆಂದು ಕಟ್ಟಿದ ಏಣಿ (ನೀರು ಹರಿಯುವ ಮೆಟ್ಟಿಲುಗಳ ಸಾಲು) ಮಾತ್ರ ಹಳೆಯ ನದಿಪಾತ್ರದ ಮೇಲ್ತುದಿಯಲ್ಲಿದೆ. ಹಳೆಯ ಪಾತ್ರದಲ್ಲಿ ನೀರು ಕಡಿಮೆ, ಸುರಂಗದ ಬಾಯಲ್ಲಿ ಜಾಸ್ತಿ. ಮೀನು ಯಾವ ಕಡೆ ಹೋಗುತ್ತದೆ? ಸುರಂಗದ ಕಡೆಗೇ. ಅಲ್ಲಿ ದಾರಿ ಕಾಣದೆ ಸುತ್ತುತ್ತದೆ. ಸುಮ್ನೆ ಏಣಿ ಕಟ್ಟಿದರೆ ಸಾಲದು, ಅದರ ಬಾಗಿಲು ಮೀನಿಗೆ ಗೊತ್ತಾಗಬೇಕು ಅಲ್ವಾ?

ಇದಕ್ಕೆ ಈಗ ಕಂಪ್ಯೂಟರಿನಲ್ಲಿ ಹರಿವಿನ ಲೆಕ್ಕ ಹಾಕುತ್ತಾರೆ. ನದಿಯ ತಳ, ದಡಗಳ ಅಳತೆ ಕೊಟ್ಟು, ನೀರನ್ನು ಲಕ್ಷಗಟ್ಟಲೆ ಪುಟ್ಟ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿನಲ್ಲೂ ನೀರು ಎತ್ತ ಹೋಗುತ್ತದೆ, ಎಷ್ಟು ವೇಗ ಎಂದು ನೋಡುತ್ತಾರೆ. ಸಮುದ್ರಕ್ಕೆ ಇಳಿಯುವ ಸಾಲ್ಮನ್ ಮರಿಗಳು ಹೆಚ್ಚಾಗಿ ಮೇಲ್ಮಟ್ಟದ ನೀರಿನಲ್ಲೇ ಸಾಗುತ್ತವೆ. ಅವನ್ನು ಟರ್ಬೈನಿನಿಂದ ದೂರ ತಿರುಗಿಸುವ ತಡೆ ಎಲ್ಲಿರಬೇಕು, ಎಷ್ಟು ಓರೆ, ಎಷ್ಟು ಆಳ? ಲೂಲಿಯೊ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಲೆಕ್ಕ ಮಾಡಿದ್ದಾರೆ. ನದಿಗೆ ಒಂದು ಕಲ್ಲೂ ಹಾಕುವ ಮೊದಲೇ ತಪ್ಪು ಗೊತ್ತಾಗುತ್ತದೆ. ಕಾಂಕ್ರೀಟು ಹಾಕಿದ ಮೇಲೆ ತಿದ್ದುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತಿದೆ.

ಅಮೆರಿಕದ ಸ್ನೇಕ್ ನದಿಯ ಐಸ್ ಹಾರ್ಬರ್ ಅಣೆಕಟ್ಟೆಯಲ್ಲಂತೂ ಟರ್ಬೈನಿನ ಆಕಾರವನ್ನೇ ಮೀನಿಗಾಗಿ ಬದಲಿಸಿದರು. ಒಳಗೆ ನೀರಿನ ಒತ್ತಡ ಥಟ್ಟನೆ ಇಳಿದರೆ ಮೀನಿನ ಗಾಳಿಚೀಲ ಉಬ್ಬಿ ಒಡೆಯುತ್ತದೆ. ಆ ಇಳಿತವನ್ನು ತಗ್ಗಿಸುವುದೂ ಅವರ ಗುರಿಯಾಗಿತ್ತು.

ನಮ್ಮಲ್ಲಿ? ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಯೋಜನೆಗೆ ಪರಿಸರ ಪೂರ್ವಾನುಮತಿಯೇ ಬೇಕಿಲ್ಲ. ಕಿರು ಯೋಜನೆ ಎನ್ನುತ್ತೇವೆ. ಆದರೆ ಹೊಳೆಗೆ ಅಡ್ಡ ನಿಂತ ಗೋಡೆ ಮೀನಿಗೆ ಕಿರಿದಲ್ಲ. ಕಾವೇರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನು 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ತೀವ್ರ ಅಳಿವಿನಂಚಿನ ಪಟ್ಟಿ ಸೇರಿದೆ.

ಸಾಲ್ಮನ್ನಿಗೆ ಮಾಡಿದ ಏಣಿಯನ್ನು ಹಾಗೇ ತಂದಿಟ್ಟರೆ ನಮ್ಮ ಮೀನಿಗೆ ಒಗ್ಗಬೇಕೆಂದಿಲ್ಲ. ನಮ್ಮ ಮೀನು ಎಷ್ಟು ರಭಸ ತಡೆಯುತ್ತದೆ ಎಂದು ಮೊದಲು ಅಳೆಯಲಿ. ಹೊಳೆಯಲ್ಲಿ ಬಲೆ ಹಾಕುವವರನ್ನು ಕೇಳಲಿ. ಮೀನು ಯಾವ ಮಡುವಿನಲ್ಲಿ ನಿಲ್ಲುತ್ತದೆ, ಯಾವ ಮಳೆಗೆ ಏಳುತ್ತದೆ ಎಂಬುದು ಅವರಿಗೆ ಗೊತ್ತು. ಹೊಸ ಯೋಜನೆಗೆ ಒಪ್ಪಿಗೆ ಕೊಡುವಾಗ, ಹಳೆಯದನ್ನು ನವೀಕರಿಸುವಾಗ, ವಿದ್ಯುತ್ತಿನ ಲೆಕ್ಕದ ಜೊತೆ ಮೀನಿನ ದಾರಿಯ ಲೆಕ್ಕವನ್ನೂ ಸರ್ಕಾರ ಕಡ್ಡಾಯವಾಗಿ ಕೇಳಬೇಕು.

ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು