ನಮ್ಮ ರಸ್ತೆಯ ಹೆಸರಿನ ಹಿಂದಿರುವ ಡಚ್ ಪಾದ್ರಿ

ಷಿಕಾಗೊ
ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಾನು ಕ್ಷೇಮ. ಅಜ್ಜಿಯ ಮಂಡಿನೋವು ಕಡಿಮೆಯಾಯಿತಾ? ನನಗೆ ಈ ವಾರ ರಾತ್ರಿ ಪಾಳಿ ಇಲ್ಲ, ಹಾಗಾಗಿ ಪುರುಸೊತ್ತಾಗಿ ಬರೆಯುತ್ತಿದ್ದೇನೆ.

ಅಪ್ಪ, ನನ್ನ ಅಡ್ರೆಸ್‌ನಲ್ಲಿರುವ ಈ ಡೇಮನ್ ಯಾರು, ಯಾವುದಾದರೂ ಪ್ರೆಸಿಡೆಂಟಾ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅಂತ ಸುಮ್ಮನಾದೆ. ಅವರು ಪ್ರೆಸಿಡೆಂಟ್ ಅಲ್ಲ, ಹಾಲೆಂಡಿನಿಂದ ವಲಸೆ ಬಂದ ಪಾದ್ರಿ. ನೀವು ಓದಿದ ಸೇಂಟ್ ಅಲೋಶಿಯಸ್ ಕಾಲೇಜು ನಡೆಸುವ ಜೆಸ್ವಿಟ್ ಸಭೆಯವರೇ.

ಪೂರ್ತಿ ಹೆಸರು ಆರ್ನಾಲ್ಡ್ ಡೇಮನ್. 1815ರಲ್ಲಿ ಹಾಲೆಂಡಿನ ಬ್ರಬಾಂಟ್ ಕಡೆಯ ಒಂದು ಸಣ್ಣ ಊರಲ್ಲಿ ಹುಟ್ಟಿದವರು. ಮುಂದೆ ಅಮೆರಿಕದ ಮೂಲನಿವಾಸಿಗಳ ನಡುವೆ ಕೆಲಸ ಮಾಡಿ ಹೆಸರಾದ ಫಾದರ್ ಡಿ ಸ್ಮೆಟ್ ಯುರೋಪಿಗೆ ಹೋಗಿದ್ದಾಗ, ಅವರ ಜೊತೆ 1837ರಲ್ಲಿ ಹಡಗು ಹತ್ತಿ ಬಂದರು. ಮಿಸ್ಸೂರಿಯಲ್ಲಿ ತರಬೇತಿ, 1844ರಲ್ಲಿ ಗುರುದೀಕ್ಷೆ, ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ವರ್ಷಗಟ್ಟಲೆ ಕೆಲಸ. ಷಿಕಾಗೊಗೆ ಬರುವಾಗ ವಯಸ್ಸು ನಲವತ್ತು ದಾಟಿತ್ತು.

ಬಂದ ವರ್ಷ 1857. ಅದೇ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಕೆಲಸ ಹೋಗಿ, ಎಲ್ಲರ ಕೈಯೂ ಖಾಲಿ. ಅಂಥ ಹೊತ್ತಿನಲ್ಲಿ ಈ ಮನುಷ್ಯ ಊರಿನ ಪಶ್ಚಿಮದ ಅಂಚಿನಲ್ಲಿ ಹೋಲಿ ಫ್ಯಾಮಿಲಿ ಚರ್ಚಿಗೆ ಅಡಿಗಲ್ಲು ಹಾಕಿಸಿದರು. ಸುತ್ತಮುತ್ತ ಇದ್ದವರು ಯಾರು? ಐರ್ಲೆಂಡಿನ ಬರದಿಂದ ತಪ್ಪಿಸಿಕೊಂಡು ಬಂದವರು, ರೈಲು ಹಳಿ ಹಾಕುವವರು, ಮರದ ಅಡ್ಡೆಯಲ್ಲಿ ಹೊರೆ ಹೊರುವವರು, ದೊಡ್ಡವರ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಯರು. ಇಂಥವರು ಕೊಟ್ಟ ಚಿಲ್ಲರೆ ದುಡ್ಡಿನಲ್ಲೇ ಚರ್ಚ್ ಎದ್ದಿತು. 1860ರಲ್ಲಿ ಬಾಗಿಲು ತೆರೆಯಿತು. ಗೋಪುರ ಪೂರ್ತಿಯಾದದ್ದು 1874ಕ್ಕೆ. ಆಗ ಈ ಊರಿನ ತುಂಬಾ ಎತ್ತರದ ಕಟ್ಟಡಗಳಲ್ಲಿ ಅದೂ ಒಂದು.

ಅಮ್ಮ ಇಷ್ಟು ಹೊತ್ತಿಗೆ 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಅಂದಿರುತ್ತಾಳೆ. ನನಗೂ ಹಾಗೇ ಅನ್ನಿಸಿತ್ತು. ಕೂಲಿ ಮಾಡುವವರ ಬೆವರಿನ ಕಾಸು ತೆಗೆದು ಅಷ್ಟು ಎತ್ತರದ ಗೋಪುರ ಕಟ್ಟಿಸುವುದು ಯಾವ ದಾನ, ಯಾವ ಧರ್ಮ? ಗೋಪುರದ ಬಗ್ಗೆ ನನಗೆ ಈಗಲೂ ಅಷ್ಟೇನೂ ಭಕ್ತಿ ಇಲ್ಲ. ಆದರೆ ಅದೇ ಕಾಸಿನಲ್ಲಿ ಅವರು ಶಾಲೆಗಳನ್ನೂ ಕಟ್ಟುತ್ತಾ ಹೋದರು. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. 1867ರಲ್ಲಿ ಅಯೋವಾದಿಂದ ಸಿಸ್ಟರ್‌ಗಳನ್ನು ಕರೆಸಿ ಪಾಠಕ್ಕೆ ನಿಲ್ಲಿಸಿದರು. ಅವರು ನಡೆಸಿದ ಶಾಲೆಯೊಂದರ ಹೆಸರು ಏನು ಗೊತ್ತಾ ಅಪ್ಪ? ಸೇಂಟ್ ಅಲೋಶಿಯಸ್! 1870ರಲ್ಲಿ ಚರ್ಚಿನ ಪಕ್ಕದಲ್ಲೇ ಸೇಂಟ್ ಇಗ್ನೇಷಿಯಸ್ ಕಾಲೇಜು ಶುರುವಾಯಿತು. ಇವತ್ತಿನ ಲೊಯೋಲಾ ವಿಶ್ವವಿದ್ಯಾಲಯ ಬೆಳೆದದ್ದು ಅಲ್ಲಿಂದಲೇ. ಅಪ್ಪ ಅಮ್ಮ ಹೊರೆ ಹೊತ್ತರೂ ಮಕ್ಕಳು ವಕೀಲರಾಗಲಿ, ಡಾಕ್ಟರಾಗಲಿ ಅನ್ನುವ ಲೆಕ್ಕ. ಒಂದು ಹೊತ್ತಿನ ಊಟ ಹಾಕುವುದಕ್ಕಿಂತ ಇದು ದೊಡ್ಡ ದಾನ ಅಂತ ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ಜಗಳಕ್ಕೆ ನಾನು ರೆಡಿ.

ಈ ಊರಿನವರಿಗೆ ಡೇಮನ್ ಅಂದರೆ ಮೊದಲು ನೆನಪಾಗುವುದು ಬೆಂಕಿ. 1871ರ ಅಕ್ಟೋಬರ್ 8, ಭಾನುವಾರ ರಾತ್ರಿ. ಡಿಕೋವನ್ ಬೀದಿಯಲ್ಲಿ ಓಲಿಯರಿ ಅನ್ನುವವರ ಕೊಟ್ಟಿಗೆಗೆ ಕಿಡಿ ಬಿತ್ತು. ಅವರು ಇದೇ ಚರ್ಚಿನ ಒಕ್ಕಲು, ಮನೆಯೂ ಚರ್ಚಿನಿಂದ ಹೆಚ್ಚು ದೂರ ಇರಲಿಲ್ಲ. ಫಾದರ್ ಆಗ ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ ಪ್ರವಚನಕ್ಕೆ ಹೋಗಿದ್ದರು. ಸುದ್ದಿ ಸಿಕ್ಕಿದ ಕೂಡಲೇ ಮಾತೆ ಮರಿಯಮ್ಮನಿಗೆ ಹರಕೆ ಹೊತ್ತರಂತೆ: ಚರ್ಚ್ ಉಳಿದರೆ ನಿನ್ನ ಮುಂದೆ ಏಳು ದೀಪ ಸದಾ ಉರಿಯುವ ಹಾಗೆ ನೋಡಿಕೊಳ್ಳುತ್ತೇನೆ ಅಂತ. ಚರ್ಚ್ ಉಳಿಯಿತು. ಆ ಏಳು ದೀಪಗಳು ಆಮೇಲೆ ಎಲೆಕ್ಟ್ರಿಕ್ ಬಲ್ಬುಗಳಾದವು. ಅಜ್ಜಿಗೆ ಇದನ್ನು ಓದಿ ಹೇಳಿ, ಹರಕೆ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಗಾಳಿಯೇ ದಿಕ್ಕು ಬದಲಿಸಿತು ಅಂತ ಭಕ್ತರು ಹೇಳುತ್ತಾರೆ. ಆದರೆ ಗಾಳಿ ಬೀಸುತ್ತಿದ್ದದ್ದು ನೈಋತ್ಯದಿಂದ, ಚರ್ಚ್ ಇದ್ದದ್ದು ಬೆಂಕಿಯ ಪಶ್ಚಿಮಕ್ಕೆ. ಹಾಗಾಗಿ ಬೆಂಕಿ ಹೋದದ್ದು ಈಶಾನ್ಯಕ್ಕೆ, ಬೇರೆಯವರ ಮನೆಗಳ ಮೇಲೆ. ಸುಮಾರು 300 ಜನ ಸತ್ತರು, ಒಂದು ಲಕ್ಷ ಜನ ಬೀದಿಗೆ ಬಿದ್ದರು. ಹಾಗಾಗಿ ಪವಾಡದ ಮಾತು ಬಂದಾಗ ನಾನು ಸುಮ್ಮನಿರುತ್ತೇನೆ. ನನ್ನ ಮಟ್ಟಿಗೆ ಮುಖ್ಯ ಅನ್ನಿಸುವುದು ಬೇರೆ. ಉಳಿದ ಕಾಲೇಜು ಕಟ್ಟಡವನ್ನು ಅವರು ಮನೆ ಕಳೆದುಕೊಂಡವರಿಗೆ ತೆರೆದುಕೊಟ್ಟರು. ತರಗತಿಗಳಲ್ಲಿ ಜನ ಮಲಗಿದರು.

ಇನ್ನೊಂದು ವಿಷಯ. ಆ ಓಲಿಯರಿ ಹೆಂಗಸಿನ ಹಸು ಲಾಟೀನು ಒದ್ದದ್ದರಿಂದಲೇ ಊರು ಸುಟ್ಟಿತು ಅಂತ ಪತ್ರಿಕೆಗಳು ಬರೆದವು. ಬಡವಿ, ಐರಿಷ್, ಕ್ಯಾಥೋಲಿಕ್, ಹೊರಗಿನಿಂದ ಬಂದವಳು. ಗೂಬೆ ಕೂರಿಸಲು ಇಷ್ಟು ಸಾಕಲ್ವಾ? ಸಾಯುವ ತನಕ ಆಕೆಗೆ ಆ ಕಳಂಕ ತಪ್ಪಲಿಲ್ಲ. ಆಕೆಯದು ತಪ್ಪಿಲ್ಲ ಅಂತ ಊರಿನ ಕೌನ್ಸಿಲ್ ನಿರ್ಣಯ ಮಾಡಿದ್ದು 1997ರಲ್ಲಿ!

ಫಾದರ್ ಡೇಮನ್ ಕೊನೆಯವರೆಗೂ ಪ್ರವಚನ ಅಂತ ಊರೂರು ಸುತ್ತಿದರು. 1890ರ ಜನವರಿ 1ರಂದು ನೆಬ್ರಾಸ್ಕಾದ ಒಮಾಹಾದಲ್ಲಿ ತೀರಿಕೊಂಡರು. 1927ರಲ್ಲಿ ಹಳೇ ರೋಬಿ ಸ್ಟ್ರೀಟ್‌ಗೆ ಅವರ ಹೆಸರಿಟ್ಟರು. ಈಗ ರೈಲು ಸ್ಟೇಷನ್ನುಗಳಿಗೂ ಅದೇ ಹೆಸರು. ಒಂದಲ್ಲ, ಬೇರೆ ಬೇರೆ ಲೈನುಗಳಲ್ಲಿ ಹಲವು. ಹೊಸಬರು ತಪ್ಪು ಡೇಮನ್‌ನಲ್ಲಿ ಇಳಿದು ಒದ್ದಾಡುವುದು ಇಲ್ಲಿ ಮಾಮೂಲಿ.

ಚರ್ಚ್‌ಗೂ ಕೆಟ್ಟ ಕಾಲ ಬಂತು. 1980ರ ದಶಕದಲ್ಲಿ ಗಾರೆ ಉದುರತೊಡಗಿ, ಕೆಡವಿಬಿಡೋಣ ಅನ್ನುವ ಮಾತಾಯಿತು. 1990ರ ಕೊನೆಯೊಳಗೆ ಹತ್ತು ಲಕ್ಷ ಡಾಲರ್ ಕೂಡಿಸಿದರೆ ಉಳಿಸುತ್ತೇವೆ ಅಂತ ಷರತ್ತು. ಜನ 'ಪ್ರಾರ್ಥನೆ ಮಾಡಿ, ದುಡ್ಡು ಕಳಿಸಿ' ಅಂತ ಬೋರ್ಡು ಹಿಡಿದು ಕೇಳಿದರು. ಆ ಗಡುವಿನೊಳಗೆ ದುಡ್ಡು ಕೂಡಿತು.

ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ನೆನಪಾಗುತ್ತಾರೆ. ಅವರೂ ಜೆಸ್ವಿಟ್, ಜರ್ಮನಿಯಿಂದ ಬಂದವರು. 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿ, ಆಮೇಲೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. ಅದೇ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ನಾನೀಗ ಡೇಮನ್ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ.

ಅಪ್ಪ, ನಿಮ್ಮ ಕಾಲದಲ್ಲಿ ಬಡ ಹುಡುಗರ ಫೀಸನ್ನು ಫಾದರ್‌ಗಳೇ ಕಟ್ಟುತ್ತಿದ್ದರು ಅಂತ ಒಮ್ಮೆ ಹೇಳಿದ್ದಿರಿ. ಅದು ಹೇಗೆ ನಡೆಯುತ್ತಿತ್ತು, ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ವಿವರವಾಗಿ ಬರೆಯಿರಿ. ಅಮ್ಮ, ಕುಚ್ಚಲಕ್ಕಿ ಇಲ್ಲೇ ಡೆವಾನ್ ಅವೆನ್ಯೂದಲ್ಲಿ ಸಿಗುತ್ತದೆ, ಕಳಿಸುವ ತಲೆಬಿಸಿ ಬೇಡ. ಉಪ್ಪಿನಕಾಯಿ ಮಾತ್ರ ಬೇಕು, ಮಿಡಿ ಮಾವಿನದ್ದು.

ನಿಮ್ಮ ಪ್ರೀತಿಯ ಮಗಳು