ಸಿಲಿಂಡರ್ ಜೋಡಿಸುವ ಕೆಲಸ ನೀರಿನ ದಡದಲ್ಲಿ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತು. ದೋಣಿ ಎಷ್ಟಿವೆ, ಹಗ್ಗ ಎಷ್ಟಿದೆ, ಲೈಫ್ ಜಾಕೆಟ್ ಎಷ್ಟಿವೆ ಎಂದು ಜಿಲ್ಲೆಯಲ್ಲಿ ಲೆಕ್ಕ ಹಾಕುವ ಸಮಯ. 2018ರ ಆಗಸ್ಟ್ ತಿಂಗಳನ್ನು ಕಂಡ ಕೊಡಗಿನವರಿಗೆ ಈ ಲೆಕ್ಕ ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ನಮ್ಮಂಥ ಸ್ವಯಂಸೇವಕರ ಪಟ್ಟಿಯಲ್ಲಿ ನೀರೊಳಗೆ ಉಸಿರಾಡಲು ಬೆನ್ನಿಗೆ ಕಟ್ಟುವ ಸ್ಕೂಬಾ ಸಿಲಿಂಡರ್ ಕೂಡ ಇದೆ. ಎಷ್ಟಿವೆ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ಜೋಡಿಸಿಟ್ಟಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ನಾನು ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದೆ. ಕೊಚ್ಚಿಯ ಡೈವಿಂಗ್ ಸ್ಕೂಲಿನಲ್ಲಿ ಕಲಿತವನು. ಈಗ ಸುಂಟಿಕೊಪ್ಪದ ಹತ್ತಿರ ಐದು ಎಕರೆ ಕಾಫಿ ನೋಡಿಕೊಂಡಿದ್ದೇನೆ. ಯಾರಾದರೂ ನೀರಿಗೆ ಬಿದ್ದರು ಎಂದು ಫೋನ್ ಬಂದರೆ ನಾವು ನಾಲ್ಕೈದು ಜನ ಸಾಮಾನು ಜೀಪಿಗೆ ಹಾಕಿಕೊಂಡು ಹೋಗುತ್ತೇವೆ. ತುಂಬಿ ಹರಿಯುವ ಕಾವೇರಿಗೆ ಸ್ಕೂಬಾ ಕಟ್ಟಿಕೊಂಡು ಇಳಿಯುವುದಿಲ್ಲ. ಅಲ್ಲಿ ದೋಣಿ, ಹಗ್ಗದ ಕೆಲಸ. ನಮ್ಮ ಕೆಲಸ ಹಿನ್ನೀರಿನಲ್ಲಿ, ಕೆರೆಯಲ್ಲಿ, ನಿಂತ ಗುಂಡಿಯಲ್ಲಿ.

ಮೊದಲಿಗೆ ಒಂದು ಮಾತು. ಪತ್ರಿಕೆಗಳಲ್ಲಿ ಇದನ್ನು 'ಆಕ್ಸಿಜನ್ ಸಿಲಿಂಡರ್' ಎಂದು ಬರೆಯುತ್ತಾರೆ. ದಯವಿಟ್ಟು ಬೇಡ. ಒಳಗಿರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಉಸಿರಾಡುತ್ತಾ ಆರು ಮೀಟರಿಗಿಂತ ಕೆಳಗೆ ಹೋದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಯಾರೋ ಓದಿ, ಆಸ್ಪತ್ರೆಯ ಸಿಲಿಂಡರ್ ತಂದುಕೊಟ್ಟರೆ ಏನು ಗತಿ?

ಈಗ ವಿಷಯಕ್ಕೆ ಬರುತ್ತೇನೆ. ಸಿಂಗಲ್ ಟ್ಯಾಂಕ್ ಅಂದರೆ ಬೆನ್ನಿಗೆ ಒಂದು ಸಿಲಿಂಡರ್, ಅದರ ತಲೆಗೆ ಒಂದು ರೆಗ್ಯುಲೇಟರ್, ಅಂದರೆ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ. ಡಬಲ್ ಟ್ಯಾಂಕ್ ಅಂದರೆ ಎರಡು ಸಿಲಿಂಡರ್ ಪಕ್ಕಪಕ್ಕ, ಸ್ಟೀಲ್ ಪಟ್ಟಿಯಲ್ಲಿ ಬಿಗಿದು, ಮೇಲೆ ಒಂದು ಅಡ್ಡ ಕೊಳವೆಯಿಂದ ಸೇರಿಸಿರುತ್ತಾರೆ. ಬಲಕ್ಕೊಂದು, ಎಡಕ್ಕೊಂದು ರೆಗ್ಯುಲೇಟರ್. ಕೊಳವೆಯ ಮಧ್ಯೆ ಒಂದು ತಿರುಪು ಇರುತ್ತದೆ, ಐಸೊಲೇಟರ್ ಅಂತ. ಅದು ತೆರೆದಿದ್ದರೆ ಎರಡೂ ಸಿಲಿಂಡರಿನ ಗಾಳಿ ಒಂದೇ. ಮುಚ್ಚಿದರೆ ಬೇರೆ ಬೇರೆ. ಒಂದು ಕಡೆ ಸೋರಿದರೆ ಇನ್ನೊಂದು ಕಡೆಯ ಗಾಳಿ ಉಳಿಯಲಿ ಎಂದು ಮಾಡಿದ ವ್ಯವಸ್ಥೆ. ತುಂಬಾ ಒಳ್ಳೆಯದು. ಆದರೆ ನೀರಿಗಿಳಿಯುವಾಗ ಅದು ತೆರೆದಿರಲೇಬೇಕು.

ನಮ್ಮ ಹತ್ತಿರ ರೆಗ್ಯುಲೇಟರ್ ಕಮ್ಮಿ. ಹಾಗಾಗಿ ಇಬ್ಬರ ಸಿಂಗಲ್ ಸೆಟ್‌ನ ರೆಗ್ಯುಲೇಟರ್ ಬಿಚ್ಚಿ, ಒಂದು ಡಬಲ್ ಸೆಟ್‌ಗೆ ಕಟ್ಟುತ್ತಿದ್ದೆವು. ಅದೂ ನೀರಿನ ದಡದಲ್ಲಿ.

ಎರಡು ವರ್ಷದ ಹಿಂದೆ, ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಲ್ಲಿ ಹಾರಂಗಿ ಹಿನ್ನೀರಿನಲ್ಲಿ ಒಬ್ಬ ಹುಡುಗ ಕಾಣೆಯಾಗಿದ್ದ. ಅವನ ಚಿಕ್ಕಪ್ಪ ನನ್ನ ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದರು. ಮಾತಾಡಲಿಲ್ಲ, ನನ್ನ ಮೇಲೆ ಮಳೆ ಬೀಳದ ಹಾಗೆ ಛತ್ರಿ ಬಾಗಿಸಿದ್ದರು ಅಷ್ಟೇ. ಅಂಥ ಹೊತ್ತಿನಲ್ಲಿ ಕೈ ತಾನಾಗಿ ಅವಸರ ಮಾಡುತ್ತದೆ. ಸ್ಪ್ಯಾನರ್ ಹಿಡಿದು ಹೋಸ್‌ಗಳನ್ನು ಬದಲಾಯಿಸಿದೆ. ಎರಡೂ ಕಡೆಯ ಒತ್ತಡ ಬೇರೆ ಬೇರೆ ನೋಡಲು ಐಸೊಲೇಟರ್ ಮುಚ್ಚಿದೆ. ಎರಡೂ 190 ಬಾರ್ ಇತ್ತು. ಮತ್ತೆ ತೆರೆಯಲು ಮರೆತೆ.

ಹನ್ನೆರಡು ಮೀಟರ್ ಆಳ. ಕೆಸರು ನೀರು, ಚಾಚಿದ ಕೈ ಕಾಣುವುದಿಲ್ಲ. ಉಸಿರಾಡುತ್ತಿದ್ದುದು ಬಲಗಡೆ ಸಿಲಿಂಡರಿನಿಂದ. ಒತ್ತಡ ತೋರಿಸುವ ಗೇಜ್ ಇದ್ದದ್ದು ಎಡಗಡೆ. ಹದಿನೈದು ನಿಮಿಷಕ್ಕೆ ಗೇಜನ್ನು ಮುಖವಾಡಕ್ಕೆ ಒತ್ತಿ ಹಿಡಿದು ನೋಡಿದೆ. 190. ಡಬಲ್ ಅಲ್ವಾ, ಮುಳ್ಳು ನಿಧಾನಕ್ಕೆ ಇಳಿಯುತ್ತದೆ ಎಂದುಕೊಂಡೆ. ನಿಧಾನ ಅಂದರೆ ಸಿಂಗಲ್‌ನ ಅರ್ಧ ವೇಗ. ನಿಂತೇ ಬಿಡುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಅರ್ಧ ಗಂಟೆ ಕಳೆದ ಮೇಲೆ ಉಸಿರು ಎಳೆಯುವುದು ಬಿಗಿಯಾಯಿತು, ಒದ್ದೆ ಬಟ್ಟೆಯ ಮೂಲಕ ಎಳೆದ ಹಾಗೆ. ಗೇಜ್ ನೋಡಿದರೆ ಆಗಲೂ 190. ಆಗ ಹೊಳೆಯಿತು. ಕೈಯನ್ನು ತಲೆಯ ಹಿಂದಕ್ಕೆ ಹಾಕಿ ಮಧ್ಯದ ತಿರುಪು ತಿರುಗಿಸಿದೆ. ಕಿವಿಯ ಹಿಂದೆ ಗಾಳಿ ನುಗ್ಗುವ ಸದ್ದು ಕೇಳಿತು. ಮುಳ್ಳು ನನ್ನ ಕಣ್ಣೆದುರೇ 105ಕ್ಕೆ ಇಳಿಯಿತು. ಬಲಗಡೆ ಉಳಿದಿದ್ದದ್ದು ಬರೀ 20 ಬಾರ್.

ಹುಡುಗನ ದೇಹ ಮಾರನೇ ದಿನ ಸಿಕ್ಕಿತು. ಆ ಮನೆಯವರ ಮುಂದೆ ನನ್ನ ವಿಷಯ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಜಾಗದಲ್ಲಿ ಇಪ್ಪತ್ತೆರಡರ ಹುಡುಗ ಇದ್ದಿದ್ದರೆ ಆ ಚಿಕ್ಕಪ್ಪನ ಪಕ್ಕದಲ್ಲಿ ಇನ್ನೊಂದು ಮನೆಯವರು ನಿಲ್ಲಬೇಕಾಗಿತ್ತು.

ಡಬಲ್‌ನಿಂದ ಸಿಂಗಲ್‌ಗೆ ವಾಪಸ್ ಬರುವಾಗಲೂ ಸುಲಭ ಅಂದುಕೊಳ್ಳಬಾರದು. ತೇಲಿಸುವ ಗಾಳಿ ಚೀಲಕ್ಕೆ ವಿಂಗ್ ಅನ್ನುತ್ತೇವೆ. ಡಬಲ್‌ನ ದೊಡ್ಡ ವಿಂಗನ್ನು ಸಿಂಗಲ್‌ಗೇ ಬಿಟ್ಟರೆ ಅದು ಸಿಲಿಂಡರಿನ ಎರಡೂ ಪಕ್ಕಕ್ಕೆ ಮಡಚಿಕೊಂಡು, ಮಡಿಕೆಯಲ್ಲಿ ಗಾಳಿ ಹಿಡಿದುಕೊಳ್ಳುತ್ತದೆ. ಮೇಲೆ ಬರುವಾಗ ಗಾಳಿ ಬಿಡಬೇಕೆಂದರೂ ಬಿಡುವುದಿಲ್ಲ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಲೆಕ್ಕವೂ ಬದಲಾಗುತ್ತದೆ. ಭುಜದ ಪಟ್ಟಿಯನ್ನು ಹೊಸದಾಗಿ ಹೊಂದಿಸಬೇಕು, ಇಲ್ಲದಿದ್ದರೆ ಡಬಲ್ ಹಾಕಿದಾಗ ಕೈ ಆ ತಿರುಪಿಗೆ ಎಟಕುವುದೇ ಇಲ್ಲ. ನೇತ್ರಾಣಿಯ ಕಡಲಲ್ಲಿ ಕಲಿತು ಬಂದ ನಮ್ಮ ಹುಡುಗರು ಇನ್ನೊಂದನ್ನು ನೆನಪಿಡಬೇಕು. ಉಪ್ಪು ನೀರಿಗೆ ಕಟ್ಟಿದಷ್ಟು ಸೀಸ ಸಿಹಿ ನೀರಿಗೆ ಜಾಸ್ತಿಯಾಗುತ್ತದೆ. ಹಾರಂಗಿ ತುಂಬಿದಾಗ ನೀರಿನ ಮಟ್ಟ ಕಡಲ ಮಟ್ಟದಿಂದ 2859 ಅಡಿ, ಅಂದರೆ ಸುಮಾರು 870 ಮೀಟರ್ ಎತ್ತರ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಡೈವಿಂಗ್ ಕೋಷ್ಟಕಗಳು ಕಡಲ ಮಟ್ಟದ ಲೆಕ್ಕ, 300 ಮೀಟರ್ ಎತ್ತರ ದಾಟಿದರೆ ಬೇರೆ ಕೋಷ್ಟಕ ಬೇಕು. ಡಬಲ್ ಹಾಕಿದವನು ಕೆಳಗೆ ಜಾಸ್ತಿ ಹೊತ್ತು ಇರುತ್ತಾನೆ, ಹಾಗಾಗಿ ಅವನಿಗೇ ಇದು ಹೆಚ್ಚು ಮುಖ್ಯ.

ನನ್ನ ಕೋರಿಕೆ ದೊಡ್ಡದೇನಲ್ಲ. ಯಾವ ತಂಡವಾದರೂ ಸರಿ, ಸಿಂಗಲ್ ಸೆಟ್ ಬೇರೆ, ಡಬಲ್ ಸೆಟ್ ಬೇರೆ ಇಟ್ಟುಕೊಳ್ಳಲಿ. ದಾನಿಗಳು ಇನ್ನೊಂದು ಸಿಲಿಂಡರ್ ಕೊಡುವ ಬದಲು ಒಂದು ಜೊತೆ ರೆಗ್ಯುಲೇಟರ್ ಕೊಡಲಿ. ಅಷ್ಟು ದುಡ್ಡಿಲ್ಲದಿದ್ದರೆ ಡಬಲ್ ಬೇಡವೇ ಬೇಡ, ಸಿಂಗಲ್‌ನಲ್ಲೇ ಮುಗಿಸಿ. ನಲವತ್ತು ಕಿಲೋ ಹೊತ್ತು ನಮ್ಮ ಜಾರುವ ದಡ ಇಳಿಯುವುದೂ ತಪ್ಪುತ್ತದೆ. ಬದಲಾಯಿಸಲೇಬೇಕು ಎಂದರೆ ಹಿಂದಿನ ದಿನ ಮನೆಯಲ್ಲಿ, ಬೆಳಕಿನಲ್ಲಿ ಬದಲಾಯಿಸಿ. ಇನ್ನೊಬ್ಬರು ಪ್ರತಿ ತಿರುಪನ್ನೂ ಮುಟ್ಟಿ ನೋಡಲಿ. ಆಮೇಲೆ ಎದೆಮಟ್ಟದ ನೀರಿನಲ್ಲಿ ಒಮ್ಮೆ ಮುಳುಗಿ, ಕೈ ಹಿಂದಕ್ಕೆ ಹಾಕಿ ಮೂರೂ ವಾಲ್ವ್ (ಎರಡು ಸಿಲಿಂಡರಿನವು, ಮಧ್ಯದ ಐಸೊಲೇಟರ್) ತಿರುಗಿಸಲು ಆಗುತ್ತದಾ ನೋಡಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದರೆ ನಾವು ವರ್ಷವಿಡೀ ಮುಟ್ಟದ ಕೋವಿಯನ್ನೂ ಇಳಿಸಿ, ಒರೆಸಿ, ಹೂವಿಡುತ್ತೇವೆ. ಮಳೆಗೆ ಮುಂಚೆ ಈ ಸಾಮಾನಿಗೂ ಅಂಥ ಒಂದು ದಿನ ಕೊಡಬಹುದಲ್ಲವೇ?

ಕಾಫಿ ಒಣಗಿಸುವ ನಮ್ಮ ಕಣ ಈಗ ಖಾಲಿ ಇದೆ. ಯಾವ ತಂಡದವರೇ ಆಗಲಿ, ಮೇ ತಿಂಗಳ ಯಾವ ಭಾನುವಾರವಾದರೂ ನಿಮ್ಮ ಸೆಟ್ ತಗೊಂಡು ಬನ್ನಿ. ಬಿಚ್ಚಿ ಹರಡೋಣ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಒ-ರಿಂಗ್ ನೋಡೋಣ, ಮತ್ತೆ ಕಟ್ಟೋಣ. ಸ್ಪ್ಯಾನರ್ ನನ್ನ ಹತ್ತಿರ ಇದೆ. ಊಟ ನಮ್ಮ ಮನೆಯಲ್ಲೇ.

ಇಂತಿ,
ಒಬ್ಬ ನಿವೃತ್ತ ಮುಳುಗುಗಾರ
ಸುಂಟಿಕೊಪ್ಪ, ಕೊಡಗು