ಸ್ಟೀರಾಯ್ಡ್ ಅಂದ ಕೂಡಲೇ ಬೇಡ ಅಂದುಬಿಟ್ಟಿದ್ದೆ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ ಏಳು ವರ್ಷವಿದ್ದಾಗ ಟಾನ್ಸಿಲ್ ಆಪರೇಷನ್ ಆಯಿತು. ಹಿಂದಿನ ದಿನ ಸಹಿ ಹಾಕಿಸಿಕೊಳ್ಳಲು ಬಂದವರು ‘ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀವಿ’ ಎಂದರು. ಬೇಡವೇ ಬೇಡ ಅಂದುಬಿಟ್ಟೆ. ಮುಖ ಊದಿಕೊಳ್ಳುತ್ತದೆ, ಮಕ್ಕಳು ಬೆಳೆಯೋದೇ ನಿಲ್ಲುತ್ತದೆ ಅಂತೆಲ್ಲ ಕೇಳಿದ್ದೆ. ಯಾಕೆ ಕೊಡುತ್ತಾರೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೆದುಕೊಂಡು ಹೋದರು.

ಆಪರೇಷನ್ ಆದ ರಾತ್ರಿ ಅವನು ನಾಲ್ಕು ಸಲ ವಾಂತಿ ಮಾಡಿದ. ಗಂಟಲಲ್ಲಿ ಹಸಿ ಗಾಯ, ಅದರ ಮೇಲೆ ಹೊಟ್ಟೆಯ ಹುಳಿನೀರು. ಪ್ರತಿ ಸಲವೂ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ, ದನಿ ತೆಗೆದು ಅಳಲೂ ಆಗುತ್ತಿರಲಿಲ್ಲ. ಮಾರನೇ ದಿನ ಒಂದು ಚಮಚ ನೀರು ತುಟಿಗೆ ಹಿಡಿದರೂ ಮುಖ ತಿರುಗಿಸಿದ. ಕುಡಿಯದಿದ್ದರೆ ಗಂಟಲು ಒಣಗಿ ನೋವು ಜಾಸ್ತಿ, ನೋವಿಗೆ ಹೆದರಿ ಮತ್ತೆ ಕುಡಿಯೋದಿಲ್ಲ. ಡ್ರಿಪ್ ಹಾಕಿಸಿಕೊಂಡು ಇನ್ನೊಂದು ದಿನ ಅಲ್ಲೇ ಇರಬೇಕಾಯಿತು.

ಮೂರು ವರ್ಷದ ನಂತರ ಮಗಳಿಗೂ ಅದೇ ಆಪರೇಷನ್. ಈ ಸಲ ಅರಿವಳಿಕೆ ಡಾಕ್ಟರೇ ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. ಔಷಧದ ಹೆಸರು ಡೆಕ್ಸಾಮೆಥಾಸೋನ್. ಮಗುವಿಗೆ ಎಚ್ಚರವಿಲ್ಲದಾಗ, ತೂಕ ನೋಡಿಕೊಂಡು, ರಕ್ತನಾಳಕ್ಕೆ ಒಂದೇ ಒಂದು ಸಲ ಕೊಡುತ್ತಾರೆ. ಊತ ಕಮ್ಮಿ ಮಾಡುತ್ತದೆ, ವಾಂತಿ ತಡೆಯುತ್ತದೆ, ಮಕ್ಕಳು ಬೇಗ ತಿನ್ನಲು ಶುರು ಮಾಡುತ್ತಾರೆ. ನಾನು ಹೆದರಿದ್ದ ತೊಂದರೆಗಳೆಲ್ಲ ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡಾಗ ಬರುವಂಥವು. ಮಗುವಿಗೆ ಸಕ್ಕರೆ ಕಾಯಿಲೆ ಇದೆಯಾ, ಬೇರೆ ಸ್ಟೀರಾಯ್ಡ್ ನಡೀತಿದೆಯಾ ಅಂತಲೂ ಕೇಳಿದರು. ಐದು ನಿಮಿಷದ ಮಾತು, ಅಷ್ಟೆ.

ಮಗಳಿಗೂ ನೋವಿತ್ತು. ಕಿವಿ ನೋಯ್ತಿದೆ ಅಂತ ಅತ್ತಳು. ಆದರೆ ಒಮ್ಮೆಯೂ ವಾಂತಿ ಆಗಲಿಲ್ಲ. ಸಂಜೆ ತಾನೇ ಲೋಟ ಹಿಡಿದು ಗುಟುಕು ಗುಟುಕಾಗಿ ನೀರು ಕುಡಿದಳು.

ನನ್ನ ಇಬ್ಬರು ಮಕ್ಕಳನ್ನು ನೋಡಿ ಯಾರೂ ತೀರ್ಮಾನಕ್ಕೆ ಬರಬೇಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2011ರ ಕಾಕ್ರೇನ್ ವರದಿಯ ಪ್ರಕಾರ, ಐದು ಮಕ್ಕಳಿಗೆ ಈ ಇಂಜೆಕ್ಷನ್ ಕೊಟ್ಟರೆ ಅವರಲ್ಲಿ ಒಬ್ಬರಿಗೆ ವಾಂತಿ ತಪ್ಪುತ್ತದೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಸ್ಥೆ 2011ರಲ್ಲೂ 2019ರಲ್ಲೂ ಇದನ್ನು ಬಲವಾಗಿ ಶಿಫಾರಸು ಮಾಡಿದೆ. ರಕ್ತ ಬರೋದು ಜಾಸ್ತಿ ಆಗಬಹುದು ಅನ್ನೋ ಆತಂಕ 2008ರ ಒಂದು ಅಧ್ಯಯನದಿಂದ ಹುಟ್ಟಿತ್ತು. 2012ರಲ್ಲಿ 314 ಮಕ್ಕಳ ಮೇಲೆ ಪರೀಕ್ಷಿಸಿದಾಗ, ಮತ್ತೆ ಆಸ್ಪತ್ರೆಗೆ ಸೇರಿಸುವಷ್ಟು ಅಥವಾ ಮತ್ತೆ ಆಪರೇಷನ್ ಮಾಡುವಷ್ಟು ರಕ್ತಸ್ರಾವ ಹೆಚ್ಚಾಗಿದ್ದು ಕಾಣಲಿಲ್ಲ.

ಸಹಿ ಹಾಕಿಸಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಸ್ಟೀರಾಯ್ಡ್ ಅನ್ನುವಾಗಲೇ ‘ಒಂದೇ ಸಲ, ವಾಂತಿ ಆಗದಿರಲಿ ಅಂತ’ ಎಂದು ಸೇರಿಸಿ ಹೇಳಿ. ಹೆತ್ತವರು ಬೇಡ ಅಂದರೆ, ಸುಮ್ನೆ ಬರೆದುಕೊಂಡು ಹೋಗಬೇಡಿ. ಯಾಕೆ ಬೇಡ ಅಂತ ಕೇಳಿ. ನನ್ನನ್ನು ಅವತ್ತು ಕೇಳಿದ್ದರೆ ಹೆದರಿಕೆಯನ್ನೆಲ್ಲ ಹೇಳಿಕೊಂಡಿರುತ್ತಿದ್ದೆ.

– ಇಬ್ಬರು ಮಕ್ಕಳ ತಾಯಿ